ಊರ ಗೋಡೆಗಳಲ್ಲಿ ಜ್ಯೋತಿಲಕ್ಷ್ಮಿಯ ಕಣ್ಣು

ನಮ್ಮತ್ತೆ ಬದುಕಿದ್ದಷ್ಟು ಕಾಲ ನನ್ನನ್ನು ಒಮ್ಮೆಯೂ ಕರುಣೆಯಿಂದ ನೋಡಿದವರಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಒಂದು ನೋಟ, ಹೆಚ್ಚಾದರೆ ಇನ್ನೊಂದು ನೋಟ; ಸರಿಯಾಗಿದ್ದರೆ ತಟ್ಟೆಯನ್ನು ಮಾತ್ರ ನೋಡುತ್ತಿದ್ದರು. ಅಂಥವರು ತೀರಿಕೊಂಡು ಫೋಟೋ ಆಗಿ ಗೋಡೆ ಹತ್ತಿ, ಅಲ್ಲಿಂದ ನನ್ನನ್ನು ಹೆತ್ತ ತಾಯಿಯ ಹಾಗೆ ನೋಡತೊಡಗಿದಾಗ ನನಗೆ ಭಕ್ತಿಗಿಂತ ಮೊದಲು ಅನುಮಾನ ಬಂತು. ಸ್ಟೂಲು ಹಾಕಿಕೊಂಡು ಹತ್ತಿರದಿಂದ ನೋಡಿದೆ. ಎಡಗಣ್ಣಿನ ರೆಪ್ಪೆ ಕೊಂಚ ಇಳಿಬಿದ್ದಿತ್ತು. ಅದರ ಕೆಳಗೆ ಸಾಸಿವೆ ಕಾಳಿನಷ್ಟು ಮಚ್ಚೆ. ನಮ್ಮತ್ತೆಗೆ ಮಚ್ಚೆ ಇದ್ದದ್ದು ನಾಲಿಗೆಯ ಮೇಲೆ ಮಾತ್ರ.

ಆ ಕಣ್ಣು ಯಾರದೆಂದು ನನಗೆ ತಕ್ಷಣ ಗೊತ್ತಾಯಿತು. ದಿನಾ ಬೆಳಿಗ್ಗೆ ನನ್ನ ಅಂಗಡಿಯ ಪಕ್ಕದ ಬಾಗಿಲು ತೆರೆದು, "ರಾಜಕ್ಕಾ, ಟೀ ಆಯ್ತಾ?" ಎಂದು ಕೇಳುವವಳ ಕಣ್ಣು ಅದು. ಫೋಟೋ ಸ್ಟುಡಿಯೋ ಮಹಾಂತೇಶನ ಹೆಂಡತಿ ಜ್ಯೋತಿಲಕ್ಷ್ಮಿಯದು.

ನಾನು ರಾಜೇಶ್ವರಮ್ಮ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದು ಗ್ರಂಥಿಗೆ ಅಂಗಡಿ. ವಿಭೂತಿ, ಊದಿನಕಡ್ಡಿ, ಬಜೆ, ಹಿಪ್ಪಲಿ, ಹುಟ್ಟಿಗೂ ಸಾವಿಗೂ ಬೇಕಾದ್ದೆಲ್ಲ ನನ್ನಲ್ಲಿ ಸಿಗುತ್ತದೆ. ಸಾವಾದ ಮನೆಯವರು ಮೊದಲು ನನ್ನ ಅಂಗಡಿಗೆ ಬರುತ್ತಾರೆ, ಆಮೇಲೆ ಮಹಾಂತೇಶನ ಸ್ಟುಡಿಯೋಗೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಅಲಂಕಾರ ಮಾಡುತ್ತೇವೆ. ಅದಕ್ಕೂ ಮೊದಲು ಮಗನೋ ಮಗಳೋ ಕಣ್ಣು ಮುಚ್ಚಿಸಬೇಕು. ಹೆತ್ತವರಿಗೆ ಮಕ್ಕಳು ಮಾಡುವ ಕೊನೆಯ ಕೆಲಸ ಅದು. ಎಷ್ಟೋ ಮುದುಕಿಯರಿಗೆ ಜೀವಮಾನದಲ್ಲಿ ಯಾರೂ ಫೋಟೋ ತೆಗೆಸಿರುವುದಿಲ್ಲ. ಹಾಗೆ ಕೂರಿಸಿದಾಗ ತೆಗೆದದ್ದೇ ಮೊದಲನೆಯದು, ಅದೇ ಕೊನೆಯದು. ಕಾರ್ಯ ಮುಗಿದ ಮೇಲೆ ಮನೆಯವರು ಆ ಫೋಟೋ ಹಿಡಿದು ಮಹಾಂತೇಶನ ಹತ್ತಿರ ಬರುತ್ತಾರೆ. "ಕಣ್ಣು ತೆರೆಸಿ ಕೊಡ್ರಿ" ಅನ್ನುತ್ತಾರೆ. ತಾವೇ ಮುಚ್ಚಿಸಿದ ಕಣ್ಣು!

ಮಹಾಂತೇಶ ಹೊಸದಾಗಿ ಕಂಪ್ಯೂಟರ್ ಕೊಂಡ ಕಾಲದಲ್ಲಿ ಇಂಥದ್ದೊಂದು ಕೆಲಸ ಬಂತು. ಅಂಟಿಸಲು ಒಂದು ಜೊತೆ ಕಣ್ಣು ಬೇಕಿತ್ತು. ಮದುವೆಯಾಗಿ ಇನ್ನೂ ವರ್ಷ ತುಂಬದ ಹೆಂಡತಿ ಎದುರಿಗೇ ಇದ್ದಳು. ಅವಳದೇ ಫೋಟೋ ತೆಗೆದು, ಕಣ್ಣು ಕತ್ತರಿಸಿ, ಸತ್ತ ಮುದುಕಿಗೆ ಕೂರಿಸಿದ. ಮನೆಯವರು "ನಮ್ಮವ್ವ ಎದ್ದು ಬಂದಂಗೈತೆ" ಎಂದು ಅತ್ತುಕೊಂಡು ಹೋದರು. ಅಲ್ಲಿಂದ ಶುರುವಾಯಿತು ನೋಡಿ. ಗಂಡಸರಾದರೆ ಹುಬ್ಬು ದಪ್ಪ ಮಾಡುತ್ತಿದ್ದ, ವಯಸ್ಸಾದವರಿಗೆ ಸುತ್ತ ಸುಕ್ಕು ಎಳೆಯುತ್ತಿದ್ದ. ಕಣ್ಣು ಮಾತ್ರ ಅದೇ. ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ಆಚೆಯ ಹಳ್ಳಿಗಳವರೆಗೆ ಎಷ್ಟು ಗೋಡೆಗಳ ಮೇಲೆ ಅವಳ ಕಣ್ಣು ತೂಗುತ್ತಿದ್ದವೋ ಅವನಿಗೇ ಲೆಕ್ಕ ತಪ್ಪಿತ್ತು.

ಯಾರಿಗೂ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಸತ್ತವರ ಫೋಟೋಗೆ ಜನ ಕೈ ಮುಗಿಯುತ್ತಾರೆ, ಯಾರು ಅಷ್ಟು ದಿಟ್ಟಿಸಿ ನೋಡುತ್ತಾರೆ? ಅದೂ ಪರರ ಮನೆಯ ಸತ್ತವರನ್ನು! ನಾನು ನೋಡಿದ್ದು ಅತ್ತೆಯ ಹಳೆಯ ಭಯಕ್ಕೆ. ಸ್ಟುಡಿಯೋಗೆ ಹೋಗಿ ಜಗಳ ತೆಗೆದಾಗ ಜ್ಯೋತಿಲಕ್ಷ್ಮಿ ನಕ್ಕುಬಿಟ್ಟಳು.

"ಬಿಡಿ ರಾಜಕ್ಕ. ನಿಮ್ಮತ್ತೆಯವರ ಕಣ್ಣೇ ಹಾಕಿದ್ರೆ ನೀವು ಆ ಗೋಡೆ ಮುಂದೆ ಓಡಾಡ್ತಿದ್ರಾ?"

ನನ್ನ ಬಾಯಿ ಕಟ್ಟಿಸಿದವರು ಈ ಬೀದಿಯಲ್ಲಿ ಅವಳೊಬ್ಬಳೇ.

ಅವಳು ಸೊರಬದ ಕಡೆಯವಳು, ಚಂದ್ರಗುತ್ತಿ ಗುಡ್ಡದ ಕೆಳಗಿನ ಊರು. ಮಕ್ಕಳಾಗಲಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಂಡು ಕೊರಗುವವಳಲ್ಲ, ಬಂದವರನ್ನೆಲ್ಲ ಹಚ್ಚಿಕೊಳ್ಳುತ್ತಿದ್ದಳು. ಸ್ಟುಡಿಯೋಗೆ ಸೂತಕದ ಮುಖ ಹೊತ್ತು ಬಂದವರನ್ನು ಕೂರಿಸಿ, ನೀರು ಕೊಟ್ಟು, ಹೋದವರ ಹೆಸರು ಕೇಳುತ್ತಿದ್ದಳು. ಏನು ಇಷ್ಟಪಟ್ಟು ಉಣ್ಣುತ್ತಿದ್ದರು, ಯಾರನ್ನು ಹೆಚ್ಚು ಬೈಯುತ್ತಿದ್ದರು ಎಂದು ವಿಚಾರಿಸುತ್ತಿದ್ದಳು. ಅಳುತ್ತ ಬಂದವರು ಹೋಗುವಾಗ ಒಂದಿಷ್ಟು ನಕ್ಕು ಹೋಗುತ್ತಿದ್ದರು. ಇಂಥ ಹೆಂಗಸಿಗೇ ಕಣ್ಣು ಹೋಗಬೇಕೆ? ದೇವರಿಗೂ ಕೆಲವು ಸಲ ಬುದ್ಧಿ ನೆಟ್ಟಗಿರುವುದಿಲ್ಲ.

ಮೊದಮೊದಲು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದಳು. ಆಮೇಲೆ ಪಕ್ಕದಲ್ಲಿ ನಿಂತವರು ಕಾಣದಾದರು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಗ್ಲಾಕೋಮಾ ಎಂದರು, ಕಣ್ಣಿನೊಳಗಿನ ಒತ್ತಡ. ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ದಿನಾ ಹನಿ ಔಷಧಿ ಹಾಕಿಕೊಳ್ಳಿ ಎಂದರು. ಒಂದು ದಿನವೂ ತಪ್ಪಿಸದೆ ಹಾಕಿಕೊಂಡಳು.

ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಬಂದು ನನ್ನ ಅಂಗಡಿಯ ಮೂಟೆಯ ಮೇಲೆ ಕೂತಳು.

"ರಾಜಕ್ಕ, ಒಂದು ಮಾತು ಹೇಳ್ತೀನಿ. ನಗಬಾರದು."

"ನಗೋದು ಬಿಡೋದು ನನ್ನಿಷ್ಟ. ನೀ ಹೇಳು."

"ನಂಗೆ ಬೇರೆಯವರ ಮನೆ ಕಾಣ್ತವೆ."

ನಾನು ಬಜೆ ಆರಿಸುವುದನ್ನು ನಿಲ್ಲಿಸಿದೆ. ಅವಳು ಬೀದಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು.

"ಮೇಲಿಂದ ಕಾಣ್ತವೆ, ಗೋಡೆ ಮೇಲಿಂದ ನೋಡಿದ ಹಾಗೆ. ಯಾರೋ ಉಣ್ತಾ ಇರ್ತಾರೆ, ಅವರ ನೆತ್ತಿ ಕಾಣ್ತದೆ. ಒಬ್ಬಳು ದಿನಾ ನನ್ನ ಮುಂದೆ ಬಂದು ಅಳ್ತಾಳೆ, ಯಾರು ಅಂತ ಗೊತ್ತಿಲ್ಲ. ಇಲ್ಲಿ ಕಾಣೋದು ಕಮ್ಮಿ ಆದಷ್ಟೂ ಅಲ್ಲಿ ಕಾಣೋದು ಜಾಸ್ತಿ ಆಗ್ತಾ ಇದೆ ರಾಜಕ್ಕ."

"ಔಷಧಿ ನೆತ್ತಿಗೆ ಏರೈತೆ" ಎಂದೆ.

"ಇರಬಹುದು. ನಿಮ್ಮ ನಡುಮನೆ ಕ್ಯಾಲೆಂಡರು ತಿರುಗಿಸಿಲ್ಲ ನೋಡಿ. ಇನ್ನೂ ಆಗಸ್ಟೇ ಅದೆ."

ಮನೆಗೆ ಹೋಗಿ ನೋಡಿದರೆ ಸೆಪ್ಟೆಂಬರು ಅರ್ಧ ಕಳೆದಿದ್ದರೂ ಗೋಡೆಯ ಮೇಲೆ ಆಗಸ್ಟೇ ಇತ್ತು. ಕ್ಯಾಲೆಂಡರ್ ತಿರುಗಿಸಲು ಯಾರು ಮರೆಯುವುದಿಲ್ಲ ಹೇಳಿ? ಹತ್ತು ಮನೆಗೆ ಹೋದರೆ ಆರು ಮನೆಯಲ್ಲಿ ಹಾಗೇ ಇರುತ್ತದೆ. ಹೀಗೆ ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡು ಹಾಳೆ ತಿರುಗಿಸಿದೆ. ಎದುರು ಗೋಡೆಯ ಅತ್ತೆಯ ಕಡೆ ತಲೆ ಎತ್ತಲಿಲ್ಲ. ಆ ವಾರವಿಡೀ ಅಡುಗೆಮನೆಯಲ್ಲೇ ಕೂತು ಊಟ ಮಾಡಿದೆ.

ಅವಳಿಗೆ ಅನುಮಾನವೇ ಉಳಿದಿರಲಿಲ್ಲ. ಸತ್ತವರ ಕಣ್ಣು ಮುಚ್ಚಿಸಬೇಕು, ತಾವು ತೆರೆಸಿದೆವು, ಅದೂ ತನ್ನ ಕಣ್ಣಿನಿಂದ. ಅವರೆಲ್ಲರೂ ತನ್ನ ದೃಷ್ಟಿಯಿಂದಲೇ ನೋಡುತ್ತಿದ್ದಾರೆ. "ಒಂದು ಬಾವಿಗೆ ಊರೆಲ್ಲ ಕೊಡ ಇಳಿಸಿದ್ರೆ ನೀರು ಎಷ್ಟು ದಿನ ಇರ್ತದೆ?" ಎಂದು ಕೇಳಿದಳು. ಗಂಡನನ್ನು ಬೈಯಲಿಲ್ಲ, ಇನ್ನು ಯಾರಿಗೂ ಹಾಕಬೇಡಿ ಎಂದಳು, ಅಷ್ಟೇ. ಮಹಾಂತೇಶ ಕಂಪ್ಯೂಟರಿನಲ್ಲಿ ಸಿಗುವ ಯಾರದೋ ಕಣ್ಣು ತಂದು ಹಾಕಿ ನೋಡಿದ. "ಇದು ನಮ್ಮವ್ವ ಅಲ್ಲ ಬಿಡ್ರಿ" ಎಂದು ಜನ ವಾಪಸ್ ಕೊಟ್ಟರು. ಅಕ್ಕನ ಫೋಟೋದಲ್ಲಿದ್ದಂಥ ಕಣ್ಣೇ ತಂಗಿಯದಕ್ಕೂ ಬೇಕು ಎಂದು ಹಟ ಹಿಡಿದರು. ಆದರೂ ಅವನು ಕೆಲವು ತಿಂಗಳು ಮಾತು ಉಳಿಸಿಕೊಂಡ.

ಆಮೇಲೆ ಕುಪ್ಪಗಡ್ಡೆಯ ಕಡೆಯಿಂದ ಕುರಿ ಸಾಕುವ ಹನುಮಮ್ಮ ಬಂದಳು. ಗಂಡ ಸತ್ತಿದ್ದ. ಅವನ ಹೆಸರು ಕೇಳಿದರೆ ಹೇಳಲಿಲ್ಲ. ಗಂಡನ ಹೆಸರು ಬಾಯಲ್ಲಿ ಹಿಡಿಯುವ ಪೈಕಿ ಅಲ್ಲ. ಸೆರಗಿನ ಗಂಟಿನಿಂದ ಆಧಾರ್ ಕಾರ್ಡು ಬಿಚ್ಚಿ ಕೊಟ್ಟಳು. ಗುಡ್ಡಪ್ಪ ಎಂದಿತ್ತು. ಇದ್ದದ್ದು ಅದೊಂದೇ ಫೋಟೋ, ಅದರಲ್ಲೂ ಮಹಾರಾಯ ಕಣ್ಣು ಮುಚ್ಚಿಕೊಂಡಿದ್ದ.

"ಅವ್ರು ನನ್ನ ಸರಿಯಾಗಿ ನೋಡಿದ್ದೇ ಇಲ್ಲ ಸಾಮಿ. ಯಾವಾಗ್ಲೂ ಕುರಿ ಕಡೆಗೇ ಕಣ್ಣು" ಎಂದಳು ಹನುಮಮ್ಮ. "ಈಗಾದ್ರೂ ನೋಡ್ಲಿ. ಒಂದ್ ಜೊತೆ ಕಣ್ ಹಾಕ್ಕೊಡಿ."

ಮಹಾಂತೇಶ ಆಗುವುದಿಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಜ್ಯೋತಿಲಕ್ಷ್ಮಿಯ ದನಿ ಬಂತು. "ಹಾಕ್ಕೊಡಿ. ಇದೊಂದೇ."

ಅದಾದ ಮೇಲೆ ಅವಳ ಎಡಗಣ್ಣು ಪೂರ್ತಿ ಹೋಯಿತು, ಮುಖಕ್ಕೆ ಕಪ್ಪು ಕನ್ನಡಕ ಬಂತು. ಡಾಕ್ಟರು ಮೊದಲೇ ಹೇಳಿದ್ದರು, ಹೋಗುತ್ತದೆ ಅಂತ. ನನಗೂ ಅದು ಗೊತ್ತು. ಆದರೂ ಆ ವಾರ ಮತ್ತೆ ಅಡುಗೆಮನೆಯಲ್ಲೇ ಕೂತು ಉಂಡೆ.

ಅದೇ ವರ್ಷ ನಮ್ಮೂರಿನಲ್ಲಿ ದೀಪಾವಳಿಗೆ ಕೆರೆ ಹಬ್ಬ ಮಾಡುವುದೆಂದಾಯಿತು. ಸಮಿತಿಯ ಅಧ್ಯಕ್ಷ ಗುರುಮಲ್ಲಪ್ಪ, ಮೆಕ್ಕೆಜೋಳದ ವ್ಯಾಪಾರಿ. ಯಾವುದೋ ಊರಿನಲ್ಲಿ ಡ್ರೋನುಗಳು ಆಕಾಶದಲ್ಲಿ ಚಿತ್ರ ಬರೆದದ್ದನ್ನು ನೋಡಿಕೊಂಡು ಬಂದಿದ್ದ. "ಪಟಾಕಿ ಎಲ್ಲರೂ ಹಚ್ತಾರೆ. ದಾವಣಗೆರೆಯೋರು ಮೂಗಿನ ಮೇಲೆ ಬೆರಳಿಡಬೇಕು, ಅಂಥಾದ್ದು ಆಗ್ಲಿ" ಎಂದು ಹೊರಗಿನ ತಂಡವೊಂದನ್ನು ಕರೆಸಿದ. ತಂಡದ ಮುಖ್ಯಸ್ಥೆ ಧನ್ಯಾ ಎಂಬ ಹುಡುಗಿ. ಚಿತ್ರಗಳಿಗಾಗಿ ಅವಳನ್ನು ಮಹಾಂತೇಶನ ಸ್ಟುಡಿಯೋಗೆ ಕಳಿಸಿದರು.

"ನೀವು ಚುಕ್ಕಿ ರಂಗೋಲಿ ಹಾಕಲ್ವಾ ಆಂಟಿ, ಅದೇ ಲೆಕ್ಕ" ಎಂದು ಧನ್ಯಾ ನಮಗೆ ತಿಳಿಸಿ ಹೇಳಿದಳು. "ಒಂದೊಂದು ಡ್ರೋನೂ ಒಂದೊಂದು ಚುಕ್ಕಿ. ಎಲ್ಲಿ ನಿಲ್ಲಬೇಕು ಅಂತ ಕಂಪ್ಯೂಟರ್ ಹೇಳುತ್ತೆ. ಬ್ಯಾಟರಿ ಮುಗೀತಾ ಬಂದ್ರೆ ಮಾತ್ರ ಯಾರ ಮಾತೂ ಕೇಳಲ್ಲ, ತಾನಾಗೇ ಇಳಿದು ಬಂದುಬಿಡುತ್ತೆ."

ಜ್ಯೋತಿಲಕ್ಷ್ಮಿ ಮೂಲೆಯಿಂದ ಕೇಳಿದಳು. "ಕಣ್ಣು ಬರೆಯೋಕಾಗ್ತದಾ?"

"ಓ, ಆರಾಮಾಗಿ."

"ಮುಚ್ಚೋಕೆ?"

"ರೆಪ್ಪೆ ಮುಚ್ಚೋದಾ? ಅದೂ ಆಗುತ್ತೆ. ಚೆನ್ನಾಗಿರುತ್ತೆ ಐಡಿಯಾ."

ಹುಡುಗಿ ಹೋದ ಮೇಲೆ ಜ್ಯೋತಿಲಕ್ಷ್ಮಿ ಗಂಡನ ಕೈ ಹುಡುಕಿ ಹಿಡಿದುಕೊಂಡಳು. "ಮನೆ ಮನೆಗೆ ಹೋಗಿ ಮುಚ್ಚಿಸೋಕೆ ಆಗಲ್ಲ. ನನ್ನ ಹಳೇ ಫೋಟೋ ಕೊಡಿ ಆ ಹುಡುಗಿಗೆ. ಎಲ್ಲರೂ ನೋಡ್ತಾ ಇರುವಾಗ ಒಂದೇ ಸಲ ಮುಚ್ಚಿಸಿಬಿಡಿ. ಆಮೇಲೆ ಅವರ ಪಾಡಿಗೆ ಅವರು, ನನ್ನ ಪಾಡಿಗೆ ನಾನು. ಬಲಗಣ್ಣಲ್ಲಿ ಇನ್ನೂ ಬೆಳಕು ಕತ್ತಲೆ ಗೊತ್ತಾಗ್ತದೆ. ಅಷ್ಟಾದ್ರೂ ನಂಗೆ ಉಳೀಲಿ."

ಮಹಾಂತೇಶ ತಲೆಯಾಡಿಸಿದ. ಗುರುಮಲ್ಲಪ್ಪನ ಹತ್ತಿರ ಹೋಗಿ, ಕೆರೆಯ ಗಂಗಮ್ಮ ಕಣ್ಣು ತೆರೆದು ಊರನ್ನು ಹರಸಿ ಕಣ್ಣು ಮುಚ್ಚುತ್ತಾಳೆ ಎಂದು ಕಥೆ ಕಟ್ಟಿ ಒಪ್ಪಿಸಿದ. ನನಗೆ ಇದೆಲ್ಲ ಹುಚ್ಚು ಎನ್ನಿಸಿತು. ಆದರೆ ಅತ್ತೆಗೆ ಹೆದರಿ ಅಡುಗೆಮನೆಯಲ್ಲಿ ಉಣ್ಣುವವಳು ನಾನು, ಯಾವ ಮುಖ ಇಟ್ಟುಕೊಂಡು ಬುದ್ಧಿ ಹೇಳಲಿ? ಅವಳಿಗೆ ಅಷ್ಟಾದರೂ ಬೆಳಕು ಉಳಿಯಲಿ ಎಂದು ಒಳಗೊಳಗೇ ಹರಕೆ ಹೊತ್ತೆ.

ಪ್ರದರ್ಶನ ಇಟ್ಟದ್ದು ಅಮಾವಾಸ್ಯೆಯ ಸಂಜೆ. ಅವತ್ತೇ ನಮ್ಮಲ್ಲಿ ಹಿರಿಯರ ಪೂಜೆ. ಬೆಳಿಗ್ಗೆ ಎಲ್ಲರ ಮನೆಯಲ್ಲೂ ಫೋಟೋ ಇಳಿಸಿ, ಒರೆಸಿ, ಕುಂಕುಮ ಇಟ್ಟು, ಮುಂದೆ ಹೊಸ ಬಟ್ಟೆ ಇರಿಸಿ ಎಡೆ ಬಡಿಸುತ್ತಾರೆ. ವರ್ಷವಿಡೀ ತಲೆಯೆತ್ತಿ ನೋಡದವರೂ ಅವತ್ತು ಹಿರಿಯರ ಮುಖ ಕೈಯಲ್ಲಿ ಹಿಡಿದು ನೋಡುತ್ತಾರೆ. ಆ ದಿನವೇ ಬೇಡ ಎಂದು ನಮ್ಮ ಮೂವರಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು.

ಕತ್ತಲಾಗುವ ಹೊತ್ತಿಗೆ ಕೆರೆ ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಸೊರಬದ ಕಡೆಯಿಂದ ಟೆಂಪೋ ತುಂಬಿಕೊಂಡು ಬಂದಿದ್ದರು. ಧನ್ಯಾಳ ಪೆಂಡಾಲಿನ ಪಕ್ಕದಲ್ಲಿ ಜ್ಯೋತಿಲಕ್ಷ್ಮಿಯನ್ನು ಕುರ್ಚಿಯಲ್ಲಿ ಕೂರಿಸಿ ಆಚೀಚೆ ನಾನು, ಮಹಾಂತೇಶ ಕೂತೆವು. ಏರಿಯ ಹಿಂದಿನಿಂದ ಜೇನು ಎದ್ದ ಹಾಗೆ ಸದ್ದಾಯಿತು. ಡ್ರೋನುಗಳು ಮೇಲೇರಿ ಮೊದಲು ಹಣತೆಯಾದವು, ಆಮೇಲೆ ಭತ್ತದ ತೆನೆ, ಆಮೇಲೆ ಬಸವಣ್ಣ. ಹುಡುಗರು ಸಿಳ್ಳೆ ಹಾಕಿದರು. ಗುರುಮಲ್ಲಪ್ಪ ತಾನೇ ಹಾರಿಬಿಟ್ಟವನ ಹಾಗೆ ಎದೆಯುಬ್ಬಿಸಿ ಓಡಾಡಿದ. ಆಮೇಲೆ ಎಲ್ಲ ದೀಪವೂ ಆರಿದವು.

ಕತ್ತಲಲ್ಲಿ ಎರಡು ಗೆರೆ ಮೂಡಿದವು. ನಿಧಾನಕ್ಕೆ ಬಿಚ್ಚಿಕೊಂಡವು. ಒಂದು ರೆಪ್ಪೆ ಕೊಂಚ ಇಳಿದಿತ್ತು, ಅದರ ಕೆಳಗೆ ಒಂದೇ ಒಂದು ಕೆಂಪು ಚುಕ್ಕಿ. ಕೆರೆಯ ನೀರಿನಲ್ಲೂ ಎರಡು ಕಣ್ಣು ತೆರೆದುಕೊಂಡವು.

ಅಷ್ಟು ಜನದ ನಡುವೆ ಒಂದು ಮಗು ಕೂಡ ಅಳಲಿಲ್ಲ. ನನ್ನ ಹಿಂದೆ ಯಾರೋ ಹೆಂಗಸು, "ಅವ್ವಾ?" ಎಂದಳು. ಕೂಗಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಗುರುತಿನವರು ಕಂಡಾಗ ಅನುಮಾನದಿಂದ ಕೇಳುತ್ತೇವಲ್ಲ, ಹಾಗೆ. ಆಮೇಲೆ ಆಚೆಯಿಂದ "ಯಪ್ಪಾ" ಎಂದರು. ಇನ್ನೆಲ್ಲಿಂದಲೋ "ಅಜ್ಜೀ, ಅಜ್ಜೀ" ಎಂದರು. ಏರಿಯುದ್ದಕ್ಕೂ ಜನ ಎದ್ದು ನಿಲ್ಲತೊಡಗಿದರು. "ಗುಡ್ಡಪ್ಪಾ! ನಮ್ ಗುಡ್ಡಪ್ಪ ಕಣ್ರೋ, ನನ್ನೇ ನೋಡ್ತಾ ಅದಾರೆ!" ಎಂದು ಒಂದು ದನಿ ಎಲ್ಲರನ್ನೂ ಮೀರಿ ಕೇಳಿತು. ಗಂಡನ ಹೆಸರು ಹೇಳದ ಹನುಮಮ್ಮ ಅವತ್ತು ಊರೆಲ್ಲ ಕೇಳುವಂತೆ ಹೆಸರು ಹಿಡಿದು ಕರೆದಳು.

ನನಗೂ ನಮ್ಮತ್ತೆ ಕಂಡರು. ಯಾರ ಕಣ್ಣು, ಯಾಕೆ ಬರೆದದ್ದು, ಎಲ್ಲ ಗೊತ್ತಿದ್ದ ನಾನೇ ಕುರ್ಚಿ ಬಿಟ್ಟು ಎದ್ದು ತಲೆಗೆ ಸೆರಗು ಎಳೆದುಕೊಂಡೆ.

ಆಗ ರೆಪ್ಪೆ ಇಳಿಯಲು ಶುರುವಾಯಿತು. ಜನರಿಂದ ಒಂದು ಕೂಗು ಎದ್ದಿತು. "ಮುಚ್ಚಬ್ಯಾಡ್ರಿ! ಮುಚ್ಚಬ್ಯಾಡ್ರಿ!" ಹತ್ತಾರು ಜನ ಪೆಂಡಾಲಿನ ಕಡೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಗುರುಮಲ್ಲಪ್ಪ. ಅವನ ಮುಖವೆಲ್ಲ ಒದ್ದೆಯಾಗಿತ್ತು.

"ನಿಲ್ಸಮ್ಮಾ! ನಮ್ಮವ್ವ ಅದು! ಇನ್ನೊಂದ್ ಸಲ ಕಣ್ ಮುಚ್ಸಬ್ಯಾಡ!"

ಮಹಾಂತೇಶ ಅಡ್ಡ ಹೋಗಿ, "ಬಿಡ್ರಿ, ಮುಚ್ಚಲಿ ಬಿಡ್ರಿ" ಎಂದು ಕೈಮುಗಿದ. ಯಾರೋ ಅವನನ್ನು ಪಕ್ಕಕ್ಕೆ ದಬ್ಬಿದರು. ಮೇಜು ಅಲ್ಲಾಡಿತು. ಧನ್ಯಾ ಬೆದರಿ ಏನೋ ಒತ್ತಿದಳು. ಅರ್ಧ ಇಳಿದ ರೆಪ್ಪೆ ನಿಂತು, ಮತ್ತೆ ಮೇಲೆದ್ದಿತು. ಬ್ಯಾಟರಿ ಇರುವವರೆಗೂ ಆ ಕಣ್ಣು ನಮ್ಮನ್ನು ನೋಡುತ್ತಲೇ ಇದ್ದವು. ಆಮೇಲೆ ಕೆಳಗಂಚಿನಿಂದ ಒಂದೊಂದೇ ದೀಪ ಕಳಚಿಕೊಂಡು ಏರಿಯ ಹಿಂದೆ ಇಳಿದುಹೋಯಿತು. ಕೊನೆಗೆ ಆ ಕೆಂಪು ಚುಕ್ಕಿಯೊಂದು ಸ್ವಲ್ಪ ಹೊತ್ತು ನೀರಿನ ಮೇಲೆ ನಿಂತಿದ್ದು ಅದೂ ಹೋಯಿತು. ಮಣ್ಣು ಕೊಟ್ಟು ಬಂದ ದಿನದ ಹಾಗೆ ಜನ ಅಳುತ್ತಿದ್ದರು.

ಜ್ಯೋತಿಲಕ್ಷ್ಮಿ ಕುರ್ಚಿಯಿಂದ ಕದಲಿರಲಿಲ್ಲ. ಎದುರಿಗೆ ಬೆಳಕು ಬಂತು, ಹೋಯಿತು, ಅಷ್ಟೇ ಅವಳಿಗೆ ತಿಳಿದದ್ದು. ಜನ ಬೇಡವೆಂದು ಕೂಗಿದ್ದು ಕೇಳಿಸಿರಬೇಕು, ಅವರ ಮಾತು ನಡೆಯಿತೋ ಇಲ್ಲವೋ ಆ ಗದ್ದಲದಲ್ಲಿ ಅವಳಿಗೆ ತಿಳಿಯುವಂತಿರಲಿಲ್ಲ.

"ಮುಚ್ಚಿದ್ವೇನ್ರೀ?"

ಮಹಾಂತೇಶ ನನ್ನ ಮುಖ ನೋಡಿದ. "ಮುಚ್ಚಿದ್ವು" ಎಂದ.

"ಪೂರ್ತಿ?"

"ಪೂರ್ತಿ."

"ಮತ್ತೆ ಜನ ಯಾಕೆ ಅಳ್ತಿದಾರೆ?"

"ಕಣ್ಣು ಮುಚ್ಚಿಸಿದ್ರೆ ಅಳದೆ ಇರ್ತಾರೇನೇ?"

"ಹೌದಲ್ಲ" ಎಂದಳು. ದಾರಿಯುದ್ದಕ್ಕೂ ನನ್ನ ತೋಳು ಹಿಡಿದು ನಡೆದಳು, ತವರಿನ ದೀಪಾವಳಿಯ ಕಥೆ ಹೇಳಿದಳು, ನಕ್ಕಳು. ಆ ಮುಖ ನೋಡಿಕೊಂಡು ನಿಜ ಹೇಳುವ ಗಟ್ಟಿಗರು ಯಾರಾದರೂ ಇದ್ದರೆ ಇರಲಿ, ನಾನಂತೂ ಅಲ್ಲ.

ಮರುದಿನ ಪಾಡ್ಯ. ನಾನು ಅಂಗಡಿ ತೆಗೆಯಲು ಬಂದಾಗ ಸ್ಟುಡಿಯೋ ಮುಂದೆ ಜನ ನಿಂತಿದ್ದರು. ಕಂಕುಳಲ್ಲಿ ಫೋಟೋ ಚೌಕಟ್ಟು, ಕೈಯಲ್ಲಿ ಮೊಬೈಲು, ಆಧಾರ್ ಕಾರ್ಡು. ಮಹಾಂತೇಶ ಮೆಟ್ಟಿಲ ಮೇಲೆ ನಿಂತು ಪಿಸುದನಿಯಲ್ಲಿ, "ಇವತ್ತು ರಜಾ, ಹೋಗ್ರಿ, ಹೋಗ್ರಪ್ಪ" ಎಂದು ಗೋಗರೆಯುತ್ತಿದ್ದ. ಗೋಡೆ ಸವರಿಕೊಂಡು ಜ್ಯೋತಿಲಕ್ಷ್ಮಿ 'ಯಾರದು?' ಎನ್ನುತ್ತ ಬಾಗಿಲಿಗೆ ಬಂದದ್ದನ್ನು ಅವನು ನೋಡಲಿಲ್ಲ.

ಮುಂದೆ ನಿಂತವನೊಬ್ಬ ದೊಡ್ಡ ದನಿಯಲ್ಲೇ ಹೇಳಿದ. "ಹಂಗನ್ನಬ್ಯಾಡ್ರಿ ಮಾಂತೇಶಣ್ಣ. ನಿನ್ನೆ ಕೆರೆ ಮ್ಯಾಲೆ ಎಲ್ಲಾರ ಮನೆ ಹಿರೇರೂ ಬಂದಿದ್ರು, ನಮ್ಮಪ್ಪ ಒಬ್ಬ ಬರಲಿಲ್ಲ. ಅವಂದು ಬ್ಯಾರೆ ಕಡೆ ಮಾಡಿಸಿದ ಫೋಟೋ. ನಮ್ಮಪ್ಪಂಗೂ ಆ ಕಣ್ಣೇ ಹಾಕ್ಕೊಡ್ರಿ. ನಡುವೆ ಮುಚ್ಚಾಕ ಬಂದ್ವು ನೋಡ್ರಿ, ನಾವೇ ಬಿಡಲಿಲ್ಲ!"

ಮಹಾಂತೇಶ ತಿರುಗಿ ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದ. ಅವಳು ಅಳುತ್ತಾಳೆ, ಇಲ್ಲವೇ ಕಿರುಚುತ್ತಾಳೆ ಎಂದು ನಾನು ಓಡಿಹೋಗಿ ಹಿಡಿದುಕೊಂಡೆ. ಅವಳು ನನ್ನ ಕೈ ಮೆಲ್ಲಗೆ ಬಿಡಿಸಿದಳು.

"ಬಹಳ ಜನ ಅದಾರಾ ರಾಜಕ್ಕ?"

"ಅದಾರೆ" ಎಂದೆ.

ಅವಳು ಗೋಡೆ ಸವರಿಕೊಂಡು ಹಿಂದಕ್ಕೆ ತಿರುಗಿದಳು. ಆಮೇಲೆ ಒಳಗೆ ಹೋಗಿ, ಫೋಟೋ ತೆಗೆಸಿಕೊಳ್ಳುವವರು ಕೂರುವ ಪರದೆಯ ಮುಂದೆ ಕೂತು ಕನ್ನಡಕ ತೆಗೆದಳು.

"ರೀ, ಬನ್ನಿ. ಆ ಹಳೇ ಫೋಟೋ ಅಳಿಸಿಬಿಡಿ. ಹೊಸದು ತೆಗೀರಿ. ಇನ್ನು ಮೇಲೆ ಇವನ್ನೇ ಹಾಕಿ, ಮೊದಲು ಹಾಕಿದ್ದಕ್ಕೂ ಇವನ್ನೇ ಬದಲಿ ಮಾಡಿಕೊಡಿ. ತೆರೆದೇ ಇರ್ತವೆ, ಅವರಿಗೆ ಬೇಕಾಗಿದ್ದು ಅಷ್ಟೇ. ಇವು ಯಾರನ್ನೂ ನೋಡಲ್ಲ."

ಮಹಾಂತೇಶ ಎದ್ದು ಒಳಗೆ ಹೋದ. ದೊಡ್ಡ ದೀಪಗಳೆರಡನ್ನೂ ಅವಳ ಮುಖಕ್ಕೆ ತಿರುಗಿಸಿ ಒಮ್ಮೆಲೇ ಹಾಕಿದ. ಬಾಗಿಲಲ್ಲಿ ನಿಂತ ನನಗೇ ಕಣ್ಣು ಕುಕ್ಕಿ ಮುಖ ತಿರುಗಿಸಬೇಕಾಯಿತು. ಅವಳ ರೆಪ್ಪೆ ಅಲುಗಲಿಲ್ಲ.

"ದೀಪ ಹಾಕಿದ್ರಾ?" ಎಂದು ಕೇಳಿದಳು.